ಹದಿಹರೆಯದ ಮಕ್ಕಳಿದ್ದರೆ ಮನೆ ಎಲ್ಲಿ ಹಿಡಿಯಬೇಕು: ಕಾರವಾರದ ಕಡಲ ಬದಿಯೋ, ಶಿರಸಿ ಪೇಟೆಯೋ, ಹೆದ್ದಾರಿಯ ಬಡಾವಣೆಯೋ, ತೋಟದ ಮನೆಯೋ?

ವರ್ಗಾವಣೆಯ ನೌಕರಿಯವರಿಗೂ, ಮಕ್ಕಳ ಓದಿಗಾಗಿ ಹಳ್ಳಿ ಬಿಟ್ಟು ಪೇಟೆ ಸೇರುವವರಿಗೂ ಏಪ್ರಿಲ್‌, ಮೇ ಬಂತೆಂದರೆ ಮನೆ ಹುಡುಕುವ ಕಾಲ. ನೀರು ಬೇಸಿಗೆಯಲ್ಲಿ ಇರುತ್ತದೆಯೇ, ಬಾಡಿಗೆ ಎಷ್ಟು, ಗಾಡಿ ನಿಲ್ಲಿಸಲು ಜಾಗವಿದೆಯೇ ಎಂದು ವಿಚಾರಿಸಿ ಮುಂಗಡ ಕೊಟ್ಟುಬಿಡುತ್ತೇವೆ. ಮನೆಯಲ್ಲಿ ಹನ್ನೆರಡರಿಂದ ಹದಿನೇಳರೊಳಗಿನ ಮಗುವಿದ್ದರೆ ಆ ಮಗು ಸಂಜೆ ಶಾಲೆಯಿಂದ ಬಂದು ಚೀಲ ಇಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಹೊಳೆಯುವುದು ಎರಡು ವರ್ಷ ಕಳೆದು, ಮಗ ಸೋಫಾ ಬಿಟ್ಟು ಏಳುತ್ತಿಲ್ಲವೆಂದು ಗೊಣಗುವಾಗ. ಹನ್ನೊಂದು ವರ್ಷಗಳಲ್ಲಿ ಉತ್ತರ ಕನ್ನಡ ಜಿಲ್ಲೆಯಲ್ಲಿ ನಾಲ್ಕು ಬಗೆಯ ಮನೆಗಳಲ್ಲಿ ಇಬ್ಬರು ಮಕ್ಕಳೊಂದಿಗೆ ಇದ್ದು ನೋಡಿದವರ ಲೆಕ್ಕದಲ್ಲಿ ಈ ಹೋಲಿಕೆಯನ್ನು ಬರೆದಿದ್ದೇನೆ.

ಮೊದಲು ಅಳತೆಗೋಲು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವ ಮಟ್ಟಿನ ಚಟುವಟಿಕೆಯಲ್ಲಿ ತೊಡಗಬೇಕು. ವಾರದಲ್ಲಿ ಮೂರು ದಿನವಾದರೂ ಅದರಲ್ಲಿ ಬಿರುಸಿನ ಓಟ ಮತ್ತು ಸ್ನಾಯು, ಮೂಳೆಗಳಿಗೆ ಬಲ ಕೊಡುವ ಕೆಲಸ ಸೇರಿರಬೇಕು. ಈ ಅಳತೆಯನ್ನು ಮುಟ್ಟುವವರು ಎಲ್ಲ ಕಡೆಯೂ ಕಡಿಮೆ. 146 ದೇಶಗಳ 11ರಿಂದ 17 ವರ್ಷದ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, 2016ರ ಹೊತ್ತಿಗೆ ನೂರಕ್ಕೆ 81 ಮಂದಿ ಇದಕ್ಕಿಂತ ಕೆಳಗಿದ್ದರು; ಹುಡುಗರಲ್ಲಿ ಈ ಪ್ರಮಾಣ ಶೇ 77.6, ಹುಡುಗಿಯರಲ್ಲಿ ಶೇ 84.7. ಹುಡುಗ, ಹುಡುಗಿಯರ ನಡುವಿನ ಈ ಅಂತರವನ್ನು ಮುಂದೆ ಪ್ರತಿಯೊಂದು ಆಯ್ಕೆಯಲ್ಲೂ ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಒಂದೇ ಓಣಿಯ ಒಂದೇ ಮನೆ ಅಣ್ಣನಿಗೆ ಒಳ್ಳೆಯದಾಗಿದ್ದು ತಂಗಿಗೆ ಕೆಟ್ಟದ್ದಾಗಿರಬಹುದು.

ಮನೆಯ ಸುತ್ತಲಿನ ಪರಿಸರಕ್ಕೂ ಹದಿಹರೆಯದವರ ಓಡಾಟಕ್ಕೂ ಇರುವ ನಂಟನ್ನು ಹಲವು ದೇಶಗಳಲ್ಲಿ, ಮಕ್ಕಳ ಸೊಂಟಕ್ಕೆ ಚಲನೆ ಅಳೆಯುವ ಪುಟ್ಟ ಯಂತ್ರ ಕಟ್ಟಿಯೂ ಅಧ್ಯಯನ ಮಾಡಿದ್ದಾರೆ. ಅಂತಹ ಒಂದು ಬಹುರಾಷ್ಟ್ರೀಯ ಅಧ್ಯಯನದಲ್ಲಿ ನಮ್ಮ ದೇಶದ ಚೆನ್ನೈ ನಗರವೂ ಸೇರಿತ್ತು. ಒಟ್ಟಾರೆ ತಿಳಿದುಬಂದಿರುವುದು ಇಷ್ಟು: ಅಂಗಡಿ, ಶಾಲೆ, ಮೈದಾನಗಳು ಹತ್ತಿರ ಹತ್ತಿರ ಇದ್ದು ಓಣಿಗಳು ಒಂದಕ್ಕೊಂದು ಕೂಡಿಕೊಂಡಿರುವ ಕಡೆ ಮಕ್ಕಳು ಹೆಚ್ಚು ನಡೆಯುತ್ತಾರೆ, ಸೈಕಲ್‌ ತುಳಿಯುತ್ತಾರೆ. ಈ ನಂಟು ಸಾಕಷ್ಟು ಗಟ್ಟಿ. ಆದರೆ ಇಡೀ ದಿನದ ಒಟ್ಟು ಚಟುವಟಿಕೆಯೊಂದಿಗಿನ ನಂಟು ಅಷ್ಟು ಬಿಗಿಯಾಗಿಲ್ಲ. ಅಲ್ಲಿ ಗೆಳೆಯರು, ಮನೆಯವರ ಪ್ರೋತ್ಸಾಹ, ಶಾಲೆಯ ದೈಹಿಕ ಶಿಕ್ಷಕರು ಎಲ್ಲರೂ ಸೇರಿಕೊಳ್ಳುತ್ತಾರೆ. ಓಡಾಟವನ್ನು ಇಷ್ಟಪಡುವ ಕುಟುಂಬಗಳೇ ಅಂತಹ ಜಾಗವನ್ನು ಹುಡುಕಿಕೊಂಡು ಹೋಗುತ್ತವೆ ಎಂಬುದೂ ನಿಜವಾದ್ದರಿಂದ, ಮನೆ ಬದಲಿಸಿದರೆ ಮಗು ತಾನಾಗಿ ಬದಲಾಗುತ್ತದೆ ಎಂದು ಯಾರೂ ಲೆಕ್ಕ ಹಾಕಬಾರದು. ಒಳ್ಳೆಯ ಜಾಗ ಅಡ್ಡಿಗಳನ್ನು ತೆಗೆಯುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸುವಂತಿಲ್ಲ.

ಅಡ್ಡಿ ಎಂದರೆ ಯಾವುದು? ನನ್ನ ಮಟ್ಟಿಗೆ ಮೊದಲ ಮಾನದಂಡ, ಮಗು ದೊಡ್ಡವರ ಬೈಕು, ಕಾರು ಕೇಳದೆ ತಾನೇ ಹೋಗಿಬರಬಹುದಾದ ದೂರ. ಹೈಸ್ಕೂಲು ಬಿಡುವುದು ಹೆಚ್ಚುಕಡಿಮೆ ನಾಲ್ಕೂವರೆಗೆ. ಡಿಸೆಂಬರಿನಲ್ಲಿ ಇಲ್ಲಿ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಮನೆಗೆ ಬಂದು, ಅವಲಕ್ಕಿಯೋ ದೋಸೆಯೋ ತಿಂದು, ಮತ್ತೆ ಹೊರಡುವ ಹೊತ್ತಿಗೆ ಉಳಿಯುವುದು ಒಂದು ಗಂಟೆ. ಆ ಗಂಟೆಯಲ್ಲಿ ನಡೆದು ಹೋಗಿ ಆಡಿ ಬರಬೇಕಾದರೆ ಮೈದಾನ ಹತ್ತು ಹನ್ನೆರಡು ನಿಮಿಷದ ದಾರಿಗಿಂತ, ಅಂದರೆ ಸುಮಾರು ಒಂದು ಕಿಲೋಮೀಟರಿಗಿಂತ ದೂರ ಇರಬಾರದು. ಶಾಲೆಯ ದೂರಕ್ಕೆ ಬೇರೆ ಲೆಕ್ಕ. ಒಂದೂವರೆ ಕಿಲೋಮೀಟರ್‌ ದೂರದ ಶಾಲೆಗೆ ಚುರುಕಾಗಿ ನಡೆದು ಹೋಗಿ ಬಂದರೆ ದಿನಕ್ಕೆ 36 ನಿಮಿಷ ಸಿಕ್ಕಿತು, ಬೇಕಾದ 60ರಲ್ಲಿ ಅರ್ಧಕ್ಕಿಂತ ಹೆಚ್ಚು, ಆಟದಲ್ಲಿ ಆಸಕ್ತಿಯೇ ಇಲ್ಲದ ಮಗುವಿಗೂ.

ಎರಡನೆಯದು ದಾಟಬೇಕಾದ ರಸ್ತೆ. ಮೂರನೆಯದು ಜೊತೆಗಾರರು, ಹದಿನಾಲ್ಕರ ಹುಡುಗನಿಗೆ ಮೈದಾನಕ್ಕಿಂತ ಅಲ್ಲಿ ಕಾಯುವ ನಾಲ್ಕು ಹುಡುಗರು ಮುಖ್ಯ. ನಾಲ್ಕನೆಯದನ್ನು ಹುಡುಗಿಯರಿಗಾಗಿಯೇ ಇಟ್ಟುಕೊಳ್ಳಬೇಕು: ದಾರಿಯಲ್ಲಿ ಬೆಳಕು, ಜನರ ಓಡಾಟ, ಮೈದಾನದ ಬಳಿ ಬಾಗಿಲು ಸರಿಯಾಗಿ ಹಾಕಿಕೊಳ್ಳಬಹುದಾದ ಶೌಚಾಲಯ, ಮತ್ತು ಆ ಜಾಗದಲ್ಲಿ ಹುಡುಗಿಯರು ಆಡುವುದನ್ನು ಊರು ರೂಢಿಯಾಗಿ ನೋಡುತ್ತದೆಯೇ ಎಂಬುದು. ಐದನೆಯದು ನಮ್ಮ ಜಿಲ್ಲೆಗೇ ಸೇರಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಶಾಲೆಯ ವರ್ಷದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಳೆಯಲ್ಲೇ ಹೋಗುವಾಗ, ಜನವರಿಯಲ್ಲಿ ನೋಡಿ ಮೆಚ್ಚಿದ ಮನೆ ಜುಲೈಯಲ್ಲಿ ಏನು ಕೊಡುತ್ತದೆ ಎಂದು ಕೇಳದಿದ್ದರೆ ಲೆಕ್ಕವೇ ತಪ್ಪುತ್ತದೆ. ಕೊನೆಯದು ಹಣ. ಹಣದ ಲೆಕ್ಕದಲ್ಲಿ ಬಾಡಿಗೆಯ ಜೊತೆ ಮಗುವನ್ನು ಕರೆದೊಯ್ಯುವ ಖರ್ಚನ್ನೂ ಸೇರಿಸಬೇಕು: ಮೈದಾನ 6 ಕಿಲೋಮೀಟರ್‌ ದೂರವಿದ್ದು, ಬಿಡಲು ಒಮ್ಮೆ, ಕರೆತರಲು ಒಮ್ಮೆ ಹೋಗಿಬಂದರೆ ದಿನಕ್ಕೆ 24 ಕಿಲೋಮೀಟರ್‌, ಲೀಟರಿಗೆ 45 ಕಿಲೋಮೀಟರ್‌ ಕೊಡುವ ಸ್ಕೂಟರಿನಲ್ಲಿ, ಪೆಟ್ರೋಲ್‌ ಲೀಟರಿಗೆ ₹100 ಎಂದೇ ಹಿಡಿದರೂ ತಿಂಗಳ 25 ದಿನಕ್ಕೆ ₹1,300 ದಾಟುತ್ತದೆ. ಅಷ್ಟು ಹೆಚ್ಚಿನ ಬಾಡಿಗೆ ಕೊಟ್ಟು ಹತ್ತಿರ ಇದ್ದರೆ ದಿನಕ್ಕೆ ಎರಡು ಸಲ ಓಡುವ ನಿಮ್ಮ ಸಂಜೆಯೂ ಉಳಿಯುತ್ತದೆ.

ಈಗ ಕಾರವಾರ. ಕಡಲ ಹತ್ತಿರ ಮನೆ ಎಂದರೆ ಎಲ್ಲರಿಗೂ ಆಸೆ, ಬಾಡಿಗೆಯೂ ಅದಕ್ಕೆ ತಕ್ಕಂತೆ. ರವೀಂದ್ರನಾಥ ಟ್ಯಾಗೋರ್‌ ಕಡಲತೀರದಂತಹ ಉದ್ದನೆಯ, ಸಮತಟ್ಟಾದ, ಶುಲ್ಕವಿಲ್ಲದ ಆಟದ ಬಯಲು ಜಿಲ್ಲೆಯ ಬೇರೆ ಯಾವ ಪೇಟೆಗೂ ಇಷ್ಟು ಅಂಟಿಕೊಂಡಿಲ್ಲ. ನೀರು ಇಳಿದ ಮೇಲೆ ಗಟ್ಟಿಯಾದ ಒದ್ದೆ ಮರಳಿನ ಮೇಲೆ ಹುಡುಗರು ಚಪ್ಪಲಿಗಳನ್ನೇ ಗೋಲ್‌ ಕಂಬವಾಗಿಟ್ಟು ಫುಟ್‌ಬಾಲ್‌ ಆಡುತ್ತಾರೆ. ಮೇಲಿನ ಸಡಿಲ ಮರಳಿನಲ್ಲಿ ಅದೇ ಆಟ ಹತ್ತು ನಿಮಿಷಕ್ಕೆ ಮಂಡಿ ಸೋಲಿಸುತ್ತದೆ. ಆದರೆ ಈ ಮೈದಾನ ಸ್ಥಿರವಾದುದಲ್ಲ. ಉಬ್ಬರ ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷದಷ್ಟು ಮುಂದೆ ಸರಿಯುವುದರಿಂದ, ಈ ಸೋಮವಾರ ಸಂಜೆ ಐದಕ್ಕೆ ಸಿಕ್ಕ ಅಗಲವಾದ ಒದ್ದೆ ನೆಲ ಮುಂದಿನ ಸೋಮವಾರ ಅದೇ ಹೊತ್ತಿಗೆ ನೀರಿನಡಿ ಇರುತ್ತದೆ. ನನ್ನ ಮಗ ಗೋಡೆಯ ಪಂಚಾಂಗದಲ್ಲಿ ತಿಥಿ ನೋಡಲು ಕಲಿತದ್ದು ಈ ಕಾರಣಕ್ಕಾಗಿಯೇ. ಹುಣ್ಣಿಮೆ, ಅಮಾವಾಸ್ಯೆಯ ದಿನಗಳಲ್ಲಿ ಎಷ್ಟು ಗಂಟೆಗೆ ನೀರು ಏರುತ್ತದೆಂದು ಒಮ್ಮೆ ಗುರುತು ಹಾಕಿಕೊಂಡರೆ ಉಳಿದ ದಿನಗಳದ್ದನ್ನು ಎಣಿಸಿಕೊಳ್ಳಬಹುದು. ಮಳೆಗಾಲದಲ್ಲಂತೂ ಅಲೆ ದಂಡೆಯ ಬುಡದವರೆಗೆ ಬಂದು ಮರಳು ತಿನ್ನುತ್ತದೆ, ನೀರಿನ ಹತ್ತಿರ ಸುಳಿಯುವುದೇ ಅಪಾಯ. ಆದ್ದರಿಂದ ಕಡಲತೀರವನ್ನು ಎಂಟು ತಿಂಗಳ ಮೈದಾನವೆಂದು ಎಣಿಸಿ, ಉಳಿದ ನಾಲ್ಕು ತಿಂಗಳಿಗೆ ಬೇರೆ ದಾರಿ ಹುಡುಕಬೇಕು.

ಇನ್ನೊಂದು ತೊಡಕು, ಊರಿಗೂ ಕಡಲಿಗೂ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66. ಕಾಜೂಬಾಗ, ಹಬ್ಬುವಾಡದಂತಹ ಒಳಗಿನ ಬಡಾವಣೆಗಳಲ್ಲಿ ಮನೆ ಹಿಡಿಯುವವರು ನಕ್ಷೆಯಲ್ಲಿ ಕಡಲಿಗೆ ಎಷ್ಟು ದೂರ ಎಂದು ನೋಡುವ ಬದಲು, ಮಗು ಹೆದ್ದಾರಿಯನ್ನು ಎಲ್ಲಿ ದಾಟುತ್ತದೆ ಎಂಬುದನ್ನು ನಡೆದು ನೋಡಬೇಕು. ಈ ಒಳ ಬಡಾವಣೆಗಳಿಗೆ ಅವುಗಳದ್ದೇ ಗುಣವಿದೆ: ಬಾಡಿಗೆ ಕಡಲ ಬದಿಗಿಂತ ಹಗುರ, ಶಾಲೆ, ಕಾಲೇಜುಗಳು ನಡಿಗೆಯ ದೂರ, ಓಣಿಗಳು ಕೂಡಿಕೊಂಡಿವೆ, ಮಾಲಾದೇವಿ ಮೈದಾನದ ಕಡೆಗೂ ಹೋಗಬಹುದು. ಕಡಲನ್ನು ವಾರದ ಕೊನೆಗೆ ಇಟ್ಟುಕೊಂಡು ವಾರದ ದಿನಗಳನ್ನು ಶಾಲೆಯ ನಡಿಗೆಯಿಂದಲೇ ತುಂಬಿಸುವ ಕುಟುಂಬಕ್ಕೆ ಕಾರವಾರದಲ್ಲಿ ಇದೇ ಉತ್ತಮ ಎಂದು ನನ್ನ ಅಭಿಪ್ರಾಯ. ಹುಡುಗಿಯರ ಮಟ್ಟಿಗೆ ಕಡಲತೀರ ಸಂಜೆ ಆರರವರೆಗೆ ಒಳ್ಳೆಯದು, ಏಕೆಂದರೆ ನಡೆಯಲು ಬರುವ ಹೆಂಗಸರು, ಮಕ್ಕಳು, ವಯಸ್ಸಾದವರು ಆ ಹೊತ್ತಿಗೆ ತುಂಬಿರುತ್ತಾರೆ. ಆದರೆ ನಡೆಯುವ ಹೆಂಗಸರು ಎಷ್ಟೇ ಇದ್ದರೂ ಚೆಂಡು ಆಡುವ ಹುಡುಗಿಯರು ವಿರಳ. ನನ್ನ ಮಗಳು ಅಲ್ಲಿ ಎರಡು ವರ್ಷ ನಡೆದಳು, ಒಂದು ದಿನವೂ ಓಡಲಿಲ್ಲ.

ಹೆದ್ದಾರಿಯ ಬದಿಯ ಹೊಸ ಬಡಾವಣೆಗಳ ವಿಷಯದಲ್ಲಿ ನನಗೆ ಮೊದಲಿನಿಂದಲೂ ಅಸಮಾಧಾನವಿದೆ, ಅದನ್ನು ಮುಚ್ಚಿಡುವುದಿಲ್ಲ. ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳ ಹೊರವಲಯದಲ್ಲಿ ಚತುಷ್ಪಥ ಹೆದ್ದಾರಿಗೆ ಮುಖಮಾಡಿ ಎದ್ದಿರುವ ಮನೆಗಳು ಹೊಸವು, ಗಾಳಿ ಬೆಳಕು ಚೆನ್ನಾಗಿದೆ, ಅದೇ ದುಡ್ಡಿಗೆ ಪೇಟೆಯೊಳಗಿಗಿಂತ ಒಂದು ಕೋಣೆ ಹೆಚ್ಚು ಸಿಗುತ್ತದೆ. ನಾವು ಮೂರು ವರ್ಷ ಅಂತಹ ಒಂದು ಮನೆಯ ಮೊದಲ ಮಹಡಿಯಲ್ಲಿದ್ದೆವು. ಬಾಲ್ಕನಿಯಿಂದ ನೋಡಿದರೆ ರಸ್ತೆಯಾಚೆ ಶಾಲೆಯ ಮೈದಾನ. ಹುಡುಗರು ವಿಕೆಟ್‌ ಬಿದ್ದಾಗ ಕೂಗುವುದು ಅಡುಗೆಮನೆಗೆ ಕೇಳುತ್ತಿತ್ತು. ನೇರ ಅಳೆದರೆ ನೂರೈವತ್ತು ಹೆಜ್ಜೆ. ಆದರೆ ಡಿವೈಡರಿನ ತೆರಪು ಉತ್ತರಕ್ಕೆ ಏಳುನೂರು ಮೀಟರ್‌ ದೂರ, ಅಲ್ಲಿಯವರೆಗೆ ಹೋಗಲು ಕಾಲುದಾರಿಯಿಲ್ಲ, ಸರ್ವಿಸ್‌ ರಸ್ತೆ ಅರ್ಧಕ್ಕೇ ಮುಗಿದಿತ್ತು, ಅದರ ಮೇಲೂ ತಪ್ಪು ದಿಕ್ಕಿನಲ್ಲಿ ಬರುವ ಬೈಕುಗಳು. ಮೊದಲ ತಿಂಗಳು ಮಗ ಡಿವೈಡರ್‌ ಹತ್ತಿ ಜಿಗಿದು ಹೋಗುತ್ತಿದ್ದ. ಒಂದು ಸಂಜೆ ಮೀನಿನ ಲಾರಿಯೊಂದು ಅವನ ಪಕ್ಕದಲ್ಲೇ ಬ್ರೇಕ್‌ ಹಾಕಿದ ಸದ್ದು ಕೇಳಿ ಓಡಿಹೋಗಿ ನೋಡಿದೆ. ಅವನು ಡಿವೈಡರಿನ ಮೇಲೆ ಬ್ಯಾಟನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ಮರುದಿನದಿಂದ ಅವನನ್ನು ಬಿಡಲಿಲ್ಲ. ಹೊಸದಾಗಿ ಕೊಡಿಸಿದ ಸೈಕಲ್‌ ಮೆಟ್ಟಿಲ ಕೆಳಗೆ ನಿಂತು ಉಪ್ಪುಗಾಳಿಗೆ ತುಕ್ಕು ಹಿಡಿಯಿತು. ಮಗು ಸೋಮಾರಿಯಾಯಿತೆಂದು ನಂತರ ನಾವೇ ಬೈದದ್ದನ್ನು ನೆನೆದರೆ ನಾಚಿಕೆಯಾಗುತ್ತದೆ.

ಇಂತಹ ಬಡಾವಣೆಯೂ ಕೆಲವರಿಗೆ ಸರಿಹೊಂದಬಹುದು. ಶಾಲೆ, ಮೈದಾನ, ಮನೆ ಮೂರೂ ಹೆದ್ದಾರಿಯ ಒಂದೇ ಬದಿಯಲ್ಲಿದ್ದರೆ, ಅಥವಾ ದಾಟಲು ಕೆಳಸೇತುವೆ ಇದ್ದರೆ, ತೊಂದರೆಯ ಮುಕ್ಕಾಲು ಭಾಗ ಇಲ್ಲವಾಗುತ್ತದೆ. ಬಡಾವಣೆಯೊಳಗಿನ, ಮುಂದೆ ದಾರಿಯಿಲ್ಲದ ಓಣಿಗಳಲ್ಲಿ ವಾಹನ ಕಡಿಮೆಯಾದ್ದರಿಂದ ಹತ್ತು ವರ್ಷದೊಳಗಿನವರು ನಿಶ್ಚಿಂತೆಯಿಂದ ಆಡುತ್ತಾರೆ. ವಿಚಿತ್ರವೆಂದರೆ ಸಣ್ಣ ಮಕ್ಕಳಿಗೆ ವರವಾದ ಈ ಮುಚ್ಚಿದ ಓಣಿಯೇ ಹದಿನೈದರವರಿಗೆ ಅಡ್ಡಿ. ಅವರಿಗೆ ಬೇಕಾದದ್ದು ಹೊರಗಿನ ಊರಿಗೆ ಕೂಡುವ ದಾರಿ. ಮನೆಯಲ್ಲಿ ಎಂಟರ ಮಗುವೂ ಹದಿನಾಲ್ಕರ ಮಗುವೂ ಇದ್ದರೆ ದೊಡ್ಡದರ ಕಡೆ ತೂಕ ಹಾಕಿ, ಏಕೆಂದರೆ ಚಿಕ್ಕದೂ ನಾಲ್ಕು ವರ್ಷದಲ್ಲಿ ಅಲ್ಲಿಗೇ ಬರುತ್ತದೆ.

ಶಿರಸಿಯ ಬಗ್ಗೆ ಬರೆಯುವಾಗ ಪಕ್ಷಪಾತ ಬಾರದಂತೆ ಎಚ್ಚರ ವಹಿಸಬೇಕಾಗುತ್ತದೆ. ಘಟ್ಟದ ಮೇಲಿನ ಪೇಟೆಯಾದ್ದರಿಂದ ಕರಾವಳಿಯ ಬೆವರಿನ ಸೆಕೆ ಇಲ್ಲ; ಮಾರ್ಚ್‌ ತಿಂಗಳ ಸಂಜೆ ನಾಲ್ಕೂವರೆಗೆ ಕಾರವಾರದಲ್ಲಿ ಓಡುವುದಕ್ಕೂ ಶಿರಸಿಯಲ್ಲಿ ಓಡುವುದಕ್ಕೂ ಇರುವ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ಊರಿನ ಏರು ತಗ್ಗುಗಳನ್ನು ಜನ ದೂರುತ್ತಾರೆ, ಆದರೆ ಹೆಗಲಿಗೆ ಪುಸ್ತಕದ ಚೀಲ ಹಾಕಿಕೊಂಡು ದಿಬ್ಬ ಹತ್ತುವುದು ಸಮತಟ್ಟಾದ ದಾರಿಯ ನಡಿಗೆಗಿಂತ ಹೆಚ್ಚು ಉಸಿರು ತೆಗೆಯಿಸುತ್ತದೆ, ನಮಗೆ ಬೇಕಾದದ್ದೂ ಅದೇ. ಶಾಲೆ, ಕಾಲೇಜು, ಬಸ್‌ ನಿಲ್ದಾಣ, ಪೇಟೆ, ಮಾರಿಕಾಂಬಾ ಕ್ರೀಡಾಂಗಣ ಎಲ್ಲವೂ ಒಂದು ಊರಿನೊಳಗೆ ಅಡಕವಾಗಿರುವುದರಿಂದ ಹದಿಮೂರರ ಮಗು ಯಾರನ್ನೂ ಕಾಯದೆ ತನ್ನ ಸಂಜೆಯನ್ನು ತಾನೇ ನಡೆಸಬಹುದು. ಜೊತೆಗಾರರಿಗೆ ಬರವಿಲ್ಲ, ಸುತ್ತಲಿನ ಹಳ್ಳಿಗಳ ಮಕ್ಕಳೂ ಓದಿಗೆ ಇಲ್ಲಿಗೇ ಬರುತ್ತಾರೆ.

ಕೊರತೆಗಳೂ ಇವೆ. ಐದು ರಸ್ತೆ ವೃತ್ತದ ಸುತ್ತ ಶಾಲೆ ಬಿಡುವ ಹೊತ್ತಿನಲ್ಲಿ ಬಸ್ಸು, ಆಟೋ, ಬೈಕುಗಳ ನಡುವೆ ನಡೆಯುವವರಿಗೆ ಜಾಗವೇ ಇರುವುದಿಲ್ಲ, ಸೈಕಲ್‌ ಕಳಿಸಲು ಧೈರ್ಯ ಬೇಕು. ಮಳೆಗಾಲ ಕರಾವಳಿಯಷ್ಟೇ ಉದ್ದ, ಜೊತೆಗೆ ಮಂಜು. ಕ್ರೀಡಾಂಗಣದ ನೆಲ ವಾರಗಟ್ಟಲೆ ಕೆಸರು. ಆದರೆ ಆ ನಾಲ್ಕು ತಿಂಗಳಿಗೆ ಸೂರಿನಡಿಯ ದಾರಿಗಳು ಪೇಟೆಯಲ್ಲಿ ಸಿಗುತ್ತವೆ: ಬ್ಯಾಡ್ಮಿಂಟನ್‌, ಯೋಗ, ಕರಾಟೆ, ಮತ್ತು ಈ ಸೀಮೆಯಲ್ಲಿ ಎಲ್ಲಕ್ಕಿಂತ ಸಹಜವಾದ ಯಕ್ಷಗಾನದ ಹೆಜ್ಜೆ ತರಗತಿ. ಅದನ್ನು ವ್ಯಾಯಾಮವೆಂದು ಯಾರೂ ಎಣಿಸುವುದಿಲ್ಲ, ಅದೇ ಅದರ ಲಾಭ. ಚಂಡೆಯ ಪೆಟ್ಟಿಗೆ ಮಂಡಿ ಹಾಕಿ ಸುತ್ತುವುದನ್ನು ಅರ್ಧ ಗಂಟೆ ಅಭ್ಯಾಸ ಮಾಡಿದ ಹುಡುಗಿಯ ಅಂಗಿ ಬೆನ್ನಿಗೆ ಅಂಟಿರುವುದನ್ನು ನೋಡಿದರೆ ಅದು ಬಿರುಸಿನ ಚಟುವಟಿಕೆ ಹೌದೋ ಅಲ್ಲವೋ ಎಂಬ ಸಂಶಯ ಉಳಿಯುವುದಿಲ್ಲ. ಕಡಲತೀರದಲ್ಲಿ ಓಡದ ನನ್ನ ಮಗಳು ಮೈ ಬಗ್ಗಿಸಿ ದಣಿದದ್ದು ಶಿರಸಿಗೆ ಬಂದ ಮೇಲೆ, ಇಂತಹ ತರಗತಿಯಲ್ಲಿ. ಅಲ್ಲಿಗೆ ಹೋಗುವ ದಾರಿಯಲ್ಲಿ ಅಂಗಡಿಗಳ ಬೆಳಕಿತ್ತು, ಜೊತೆಗೆ ಬರುವ ಇಬ್ಬರು ಗೆಳತಿಯರಿದ್ದರು, ಏಳು ಗಂಟೆಗೆ ಮರಳಿದರೂ ನಾವು ಬಾಗಿಲಲ್ಲಿ ನಿಂತು ಕಾಯಬೇಕಾಗಿರಲಿಲ್ಲ.

ಖರ್ಚಿನ ಲೆಕ್ಕದಲ್ಲಿ ಪೇಟೆಯ ನಡುವಿನ ಮನೆಗಳು ಹಳೆಯವು, ಇಕ್ಕಟ್ಟು, ಬಾಡಿಗೆಯೂ ಕಡಿಮೆಯಲ್ಲ. ಎರಡು ಮೂರು ಕಿಲೋಮೀಟರ್‌ ಹೊರಗೆ ಹೋದರೆ ಹಗುರವಾಗುತ್ತದೆ; ಅಲ್ಲಿಂದ ಶಾಲೆಗೆ ಬಸ್ಸಿನಲ್ಲಿ ಹೋಗಿ, ಮರಳುವಾಗ ಗೆಳೆಯರೊಂದಿಗೆ ನಡೆದು ಬರುವ ಏರ್ಪಾಡು ಹಲವು ಮನೆಗಳಲ್ಲಿದೆ, ಕೆಟ್ಟದ್ದೇನಲ್ಲ.

ತೋಟದ ಮನೆಯ ಬಗ್ಗೆ ಇರುವಷ್ಟು ತಪ್ಪು ಕಲ್ಪನೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ತೋಟದ ನಡುವೆ ಬೆಳೆಯುವ ಮಗು ಇಡೀ ದಿನ ಓಡಾಡಿಕೊಂಡು ಗಟ್ಟಿಯಾಗಿರುತ್ತದೆ ಎಂದು ಪೇಟೆಯವರು ನಂಬುತ್ತಾರೆ. ನಮ್ಮ ಕಾಲದಲ್ಲಿ ಅದು ನಿಜವಿತ್ತು. ಸೊಪ್ಪಿನ ಬೆಟ್ಟದಿಂದ ಹೊರೆ ತರುವುದು, ಕಾಲುಸಂಕ ದಾಟಿ ಮೂರು ಕಿಲೋಮೀಟರ್‌ ನಡೆದು ಶಾಲೆಗೆ ಹೋಗುವುದು, ಬರುವಾಗ ನೇರಳೆ ಮರ ಹತ್ತುವುದು ಎಲ್ಲವೂ ಸೇರಿ ಯಾರೂ ಲೆಕ್ಕ ಹಾಕದ ವ್ಯಾಯಾಮವಾಗುತ್ತಿತ್ತು. ಈಗ ಶಾಲೆಯ ವ್ಯಾನು ದಣಪೆಯ, ಅಂದರೆ ಅಂಗಳದ ಗೇಟಿನ, ಬುಡಕ್ಕೇ ಬರುತ್ತದೆ. ಬೆಳಗ್ಗೆ ಏಳೂವರೆಗೆ ಹತ್ತಿದ ಮಗು ಸುತ್ತಿ ಬಳಸಿ ಬಂದು ಇಳಿಯುವುದು ಐದೂವರೆ ಆರಕ್ಕೆ, ಅಂದರೆ ಆಟದ ಗಂಟೆ ವ್ಯಾನಿನ ಸೀಟಿನ ಮೇಲೆ ಕಳೆದಿರುತ್ತದೆ. ಕೇರಿಯಲ್ಲಿ ಒಟ್ಟು ಆರು ಮನೆ, ಅವುಗಳಲ್ಲಿ ನಾಲ್ಕರಲ್ಲಿ ವಯಸ್ಸಾದವರು ಮಾತ್ರ, ಮಕ್ಕಳೆಲ್ಲ ಬೆಂಗಳೂರಿನಲ್ಲಿ. ವಾಲಿಬಾಲ್‌ ನೆಟ್‌ ಕಟ್ಟಿದರೆ ಆಚೆ ಬದಿಗೆ ನಿಲ್ಲುವವರಿಲ್ಲ. ಮಳೆಗಾಲದಲ್ಲಿ ರಕ್ತ ಹೀರುವ ಉಂಬಳ, ತುಂಬಿ ಹರಿಯುವ ಹಳ್ಳ; ಕತ್ತಲಾದ ಮೇಲೆ ಕಾಡುಕೋಣದ ಭಯ. ಹಸಿರು ಎಷ್ಟಿದ್ದರೂ ಹದಿಹರೆಯದವರ ಕಾಲು ಅದಕ್ಕೆ ಏಳುವುದಿಲ್ಲ.

ಹಾಗೆಂದು ಇದನ್ನು ತಳ್ಳಿಹಾಕುವಂತಿಲ್ಲ, ಬಾಡಿಗೆಯಿಲ್ಲದ ಸ್ವಂತ ಮನೆಯನ್ನು ಬಿಡುವುದು ಎಲ್ಲರ ಕೈಲಾಗುವ ಮಾತಲ್ಲ. ಇಲ್ಲಿ ಬದಲಿಸಬೇಕಾದದ್ದು ಸಮಯದ ಏರ್ಪಾಡು. ವ್ಯಾನು ಬಿಡಿಸಿ, ಒಂದೂವರೆ ಕಿಲೋಮೀಟರ್‌ ದೂರದ ಡಾಂಬರು ರಸ್ತೆಗೆ ನಡೆದುಹೋಗಿ ಸರ್ಕಾರಿ ಬಸ್ಸು ಹಿಡಿಯುವಂತೆ ಮಾಡಿದರೆ ದಿನಕ್ಕೆ ಅರ್ಧ ಗಂಟೆಯ ನಡಿಗೆ ತಾನಾಗಿ ಬರುತ್ತದೆ, ವ್ಯಾನಿನ ಹಣವೂ ಉಳಿಯುತ್ತದೆ. ಶಾಲೆಯಲ್ಲೇ ಸಂಜೆ ಐದೂವರೆಯವರೆಗೆ ಆಡಿ ನಂತರದ ಬಸ್ಸಿಗೆ ಬರಲು ಬಿಡುವುದು ಇನ್ನೂ ಒಳ್ಳೆಯದು. ಆದರೆ ಕೊನೆಯ ಬಸ್ಸು ತಪ್ಪಿದರೆ ಏನು ಎಂಬುದಕ್ಕೆ ಮೊದಲೇ ಉತ್ತರವಿರಬೇಕು, ಹುಡುಗಿಯಾದರೆ ಡಾಂಬರು ರಸ್ತೆಯಿಂದ ಮನೆಯವರೆಗಿನ ಕಾಡುದಾರಿಗೆ ಯಾರಾದರೂ ಎದುರು ಹೋಗಬೇಕು.

ಇನ್ನು ಯಾರಿಗೆ ಯಾವುದು. ಆಟದಲ್ಲಿ ನಿಜವಾದ ಹುಚ್ಚಿರುವ ಹುಡುಗನಿದ್ದು, ಹೆಚ್ಚು ಬಾಡಿಗೆ ಕೊಡುವ ಶಕ್ತಿಯೂ ಇದ್ದರೆ ಕಾರವಾರದ ಕಡಲ ಬದಿ ಚೆನ್ನ, ಮಳೆಗಾಲಕ್ಕೆ ಬೇರೆ ಏರ್ಪಾಡಿನೊಂದಿಗೆ. ಆಟವೆಂದರೆ ದೂರ ಸರಿಯುವ, ಓದಿನ ಮಗುವಿಗೆ ಶಾಲೆಯಿಂದ ಒಂದೂವರೆ ಕಿಲೋಮೀಟರಿನೊಳಗಿನ ಮನೆ, ಅದು ಕಾಜೂಬಾಗವಾಗಲಿ ಶಿರಸಿಯಾಗಲಿ. ಅಂತಹ ಮಗುವನ್ನು ಮೈದಾನದ ಪಕ್ಕ ಇರಿಸಿದರೂ ಅದು ಮೈದಾನಕ್ಕೆ ಇಳಿಯುವುದಿಲ್ಲ, ಆದರೆ ಶಾಲೆಗೆ ನಡೆದೇ ನಡೆಯುತ್ತದೆ. ಹುಡುಗಿ ಇರುವ ಮನೆಗೆ ನನ್ನ ಆಯ್ಕೆ ಯಾವ ಸಂಕೋಚವೂ ಇಲ್ಲದೆ ಶಿರಸಿ ಪೇಟೆ, ಇಕ್ಕಟ್ಟಾದ ಮನೆಯಾದರೂ ಸರಿ. ಕರಾವಳಿಯನ್ನು ಬಿಡಲಾಗದವರು ಕುಮಟಾ, ಹೊನ್ನಾವರಗಳ ಹಳೆಯ ಪೇಟೆಯೊಳಗೆ ಹುಡುಕಬಹುದು; ಓಣಿ ಕಿರಿದಾದರೂ ಶಾಲೆ, ದೇವಸ್ಥಾನ, ಅಂಗಡಿ ಎಲ್ಲ ಕಾಲಿಗೆ ಎಟಕುತ್ತವೆ. ಹೆದ್ದಾರಿ ದಾಟಬೇಕಾದ ಮನೆಯನ್ನು, ಬಾಡಿಗೆ ಎಷ್ಟೇ ಕಡಿಮೆಯಿರಲಿ, ನಾನು ಮತ್ತೆ ಹಿಡಿಯುವುದಿಲ್ಲ.

ಮುಂಗಡ ಕೊಡುವ ಮೊದಲು ಒಂದು ಕೆಲಸ ಮಾಡಿ. ಭಾನುವಾರ ಬೆಳಗ್ಗೆ ಮನೆ ನೋಡಲು ಹೋಗುವ ರೂಢಿಯನ್ನು ಬಿಟ್ಟು, ಶಾಲೆಯಿರುವ ಒಂದು ದಿನ ಸಂಜೆ ಐದಕ್ಕೆ ಮಗುವನ್ನೂ ಕರೆದುಕೊಂಡು ಹೋಗಿ. ಮನೆಯ ಬಾಗಿಲಿನಿಂದ ಮೈದಾನದವರೆಗೆ ಮಗು ಮುಂದೆ, ನೀವು ಹಿಂದೆ ನಡೆಯಿರಿ. ಎಷ್ಟು ಕಡೆ ಅದರ ಕೈ ಹಿಡಿಯಬೇಕೆನಿಸಿತು ಎಂದು ಎಣಿಸಿ. ಮೈದಾನದಲ್ಲಿ ಅದರ ವಯಸ್ಸಿನವರು ಎಷ್ಟಿದ್ದಾರೆ, ಅವರಲ್ಲಿ ಹುಡುಗಿಯರು ಎಷ್ಟು, ಬೀದಿದೀಪ ಆರೂಕಾಲಿಗೆ ಹತ್ತುತ್ತದೆಯೇ ಎಂದು ನೋಡಿ. ಎದುರು ಮನೆಯ ಅಕ್ಕನನ್ನು ಮಾತಾಡಿಸಿ ಜುಲೈಯಲ್ಲಿ ಈ ಓಣಿಯಲ್ಲಿ ನೀರು ಎಷ್ಟು ನಿಲ್ಲುತ್ತದೆಂದು ಕೇಳಿ. ಮನೆಯ ಯಜಮಾನರು ಹೇಳದ ವಿಷಯ ಅವರಿಂದ ತಿಳಿಯುತ್ತದೆ. ನಾವು ಈಗಿರುವ ಮನೆಯನ್ನು ಹಿಡಿಯುವಾಗ ಹೀಗೆ ವಿಚಾರಿಸಿದ್ದಕ್ಕೆ, ಮೊಣಕಾಲಿನವರೆಗೆ ಎಂದು ಅವರು ಕೈ ಮಾಡಿ ತೋರಿಸಿ, ಆದರೆ ಮಕ್ಕಳು ಆ ನೀರಿನಲ್ಲೇ ಫುಟ್‌ಬಾಲ್‌ ಆಡುತ್ತವೆ, ನೀವು ಗಾಬರಿಯಾಗಬೇಡಿ ಎಂದರು. ಆ ಸಂಜೆಯೇ ಮುಂಗಡ ಕೊಟ್ಟೆವು.